ನಾಲ್ಕನೆಯ ಬಾಗಿಲು

ರಮಝಾನ್ ೩, ಬುಧವಾರ

ಮೂರನೇ ದಿನದ ಉಪವಾಸಕ್ಕೇ ತಲೆ ಸಿಡಿಯುತ್ತಿದೆ. ಕಾಫಿ ಇಲ್ಲದ್ದಕ್ಕಲ್ಲ, ಆ ಕಾಗದ ನೋಡಿದ್ದಕ್ಕೆ.

ಲಸಿಕೆ ಪ್ರಯೋಗದ ಅರ್ಜಿ ಇವತ್ತು ಸಚಿವಾಲಯಕ್ಕೆ ಹೋಯಿತು. ಹೋಗುವ ಮುಂಚೆ ಒಮ್ಮೆ ಕಣ್ಣಾಡಿಸೋಣವೆಂದು ತೆಗೆದೆ. ಮೊದಲ ಹೆಸರು ಮೊಂಜಿ ಸಾಹೇಬರದು. ಸರಿ, ಅವರು ನಿರ್ದೇಶಕರು. ಎರಡನೆಯದು ಆ ಲಿಯಾನ್ ಹುಡುಗಿಯದು. ಅವಳು ಫ್ರಾನ್ಸಿನ ಲಿಯಾನಿನಲ್ಲಿ ಓದಿ ವಾಪಸು ಬಂದು ಇನ್ನೂ ಏಳು ತಿಂಗಳಾಗಿಲ್ಲ. ನನ್ನದು ಎಲ್ಲಿ ಅಂತ ಹುಡುಕಿದರೆ ಕಟ್ಟಕಡೆಗೆ, 'ತಾಂತ್ರಿಕ ನೆರವು' ಎನ್ನುವ ಸಾಲಿನಲ್ಲಿ, ಫ್ರಿಜ್ ರಿಪೇರಿಯವನ ಹೆಸರಿನ ಪಕ್ಕದಲ್ಲಿ. ಇಪ್ಪತ್ತಾರು ವರ್ಷ ಈ ಪ್ರಯೋಗಾಲಯದಲ್ಲಿ ದುಡಿದಿದ್ದಕ್ಕೆ ಫ್ರಿಜ್ಜಿನವನ ಪಕ್ಕ ಜಾಗ!

"ಸಾಹೇಬ್ರೇ, ನನ್ನ ಹೆಸರು ಇಲ್ಲಿ ಯಾಕೆ ಕೂತಿದೆ?" ಅಂದೆ.

"ಇದೆಯಲ್ಲ ಝಕಿಯಾ, ಅದೇ ದೊಡ್ಡದು," ಅಂದರು. ಬೆಳಗಿನಿಂದ ಸಿಗರೇಟಿಲ್ಲದೆ ಅವರ ಮುಖ ಹುಳ್ಳಗಿತ್ತು.

ಈ ವೈರಸ್ಸನ್ನು ಬೆಳೆಸಿದ್ದು ಯಾರು? ಆ ಹುಡುಗಿ ತಂದದ್ದು ಕಿರುಬೆರಳುದ್ದದ ಒಂದು ಕೊಳವೆ. ಮೇಕೆ-ಕುರಿಗಳ ಪ್ಲೇಗಿನ ವೈರಸ್ಸೇ, ಆದರೆ ಜೀನುಗಳ ಸಾಲನ್ನು ಅದಲುಬದಲು ಮಾಡಿ ಶಕ್ತಿಗುಂದಿಸಿದ್ದು. ಅದನ್ನು ನಮ್ಮ ಬಾಟಲಿಗಳ ಜೀವಕೋಶಗಳಿಗೆ ಒಗ್ಗಿಸಿ, ಹತ್ತು ಸುತ್ತು ಬೆಳೆಸಿ, ಒಂದು ಹಿಂಡಿಗೆ ಸಾಲುವಷ್ಟು ಮಾಡಿದ್ದು ಈ ಕೈ. ಒಂದು ಸುತ್ತಿಗೆ ಏಳು ದಿನ ಬೇಕೆಂದು ಅವಳ ಕಾಗದದಲ್ಲಿ ಬರೆದಿತ್ತು. ಮೊದಲ ಸುತ್ತು ಏಳೇ ಹಿಡಿಯಿತು. ಹತ್ತನೆಯದನ್ನು ನಾನು ಮೂರೂವರೆ ದಿನಕ್ಕೆ ಇಳಿಸಿದೆ. ಗುಟ್ಟೇನೂ ಇಲ್ಲ. ಪ್ರತಿ ಸುತ್ತಿಗೆ ಹನ್ನೆರಡು ಬಾಟಲಿ ಹಾಕುವುದು, ಎಲ್ಲಕ್ಕಿಂತ ಮುಂಚೆ ತಯಾರಾದ, ಅಂದರೆ ವೈರಸ್ಸು ತುಂಬಿದ ಬಾಟಲಿಯಿಂದ ಮುಂದಿನ ಸುತ್ತಿಗೆ ಬಿತ್ತುವುದು. ಯಾವ ಬಾಟಲಿ ಎತ್ತಬೇಕೆಂದು ಕಣ್ಣಿಗೆ ಗೊತ್ತಾಗಬೇಕು. ಆ ಕಣ್ಣು ಲಿಯಾನಿನಲ್ಲಿ ಸಿಗುವುದಿಲ್ಲ.

ರಮಝಾನ್ ೫, ಶುಕ್ರವಾರ

ಉಪವಾಸ ಬಿಟ್ಟು, ಸೂಪು, ಮೊಟ್ಟೆ ತುಂಬಿ ಕರಿದ ಬ್ರಿಕ್ ಎಲ್ಲ ಮುಗಿಸಿ ಕೂತಿದ್ದೆ, ಮೆಕ್ನಾಸಿ ಊರಿಂದ ಚಿಕ್ಕಮ್ಮ ಮಬ್ರೂಕಾಳ ಫೋನು. ಪ್ರಯೋಗಕ್ಕೆ ಕೊಟ್ಟಿರುವುದು ಅವಳ ಮೂವತ್ತೆಂಟು ಮೇಕೆಗಳ ಹಿಂಡು. ಲಸಿಕೆ ಕಾಣದ ಹಿಂಡೇ ಬೇಕಿತ್ತು, ಅದಕ್ಕೇ ಈ ವರ್ಷ ಸರ್ಕಾರಿ ಲಸಿಕೆ ಹಾಕಿಸಬೇಡ ಎಂದು ಅವಳಿಗೆ ಹೇಳಿದವಳು ನಾನು.

"ಪ್ಲೇಗಿನ ಹುಳಾನೇ ಚುಚ್ತೀವಿ ಅಂತೀಯ. ನನ್ನ ಮೇಕೆಗೆ ಏನೂ ಆಗಲ್ಲ ಅಂತ ಹೆಂಗ್ ಹೇಳ್ತೀಯೇ?"

"ಒಂದೇ ಸಾಲಲ್ಲಿ ಆರು ಬಾಗಿಲು ಅಂದ್ಕೋ ಚಿಕ್ಕಮ್ಮ. ಉಪವಾಸ ಬಿಡೋ ಹೊತ್ತಿಗೆ ಹತ್ತು ಹೆಂಗಸರು ತಟ್ಟೆ ಹಂಚೋಕೆ ಹೊರಡ್ತಾರೆ. ಎಲ್ಲರೂ ಮೊದಲನೇ ಬಾಗಿಲಿಂದಲೇ ಶುರು ಮಾಡ್ಬೇಕು, ನಡುವೆ ನುಗ್ಗೋ ಹಾಗಿಲ್ಲ. ಒಂದು ಬಾಗಿಲಲ್ಲಿ ಕೊಟ್ಟು ನಿಂತು, ಆಮೇಲೆ ಮುಂದಿನದಕ್ಕೆ. ಆದ್ರೆ ಪ್ರತಿ ಬಾಗಿಲಲ್ಲೂ ಒಬ್ಬಿಬ್ರು ಸಾಕಪ್ಪ ಅಂತ ಮನೆಗೆ ಹೊರಟುಬಿಡ್ತಾರೆ."

"ಹಂಗಾದ್ರೆ ಕೊನೆ ಮನೆಗೆ?"

"ಒಂದು ತಟ್ಟೆ ಸಿಕ್ಕಿದ್ರೆ ಹೆಚ್ಚು."

"ಥೂ! ಯಾವನು ಮಾಡಿದ ಕಟ್ಟಳೆ ಇದು?"

"ವೈರಸ್ಸು ಕಣೇ, ಅದಕ್ಕೆಲ್ಲಿ ಮಾನ ಮರ್ಯಾದೆ? ಯಾವುದು ಹೆಚ್ಚು ಬೇಕೋ ಅದನ್ನ ಮುಂದಿಟ್ಕೊಂಡಿದೆ. ಮೊದಲನೇ ಬಾಗಿಲಲ್ಲಿ ತಯಾರಾಗೋದು ಅದರ ಮೈಗೆ ಸುತ್ಕೊಳ್ಳೋ ಬಟ್ಟೆ. ಅದು ರಾಶಿ ರಾಶಿ ಬೇಕು. ನಾವು ಆ ಮನೇನ ಕಿತ್ತು ನಾಲ್ಕನೇ ಬಾಗಿಲಿಗೆ ಹಾಕಿದ್ವಿ. ಈಗ ಬಟ್ಟೆ ಸಾಲಲ್ಲ, ನಡುಗ್ತಾ ಬದುಕತ್ತೆ. ಮೇಕೆ ಮೈ ಅದರ ಗುರುತು ಹಿಡ್ಕೊಳತ್ತೆ, ಆದ್ರೆ ರೋಗ ಬರಲ್ಲ."

"ನೀನು ಹೇಳಿದ್ಮೇಲೆ ಮುಗೀತು ಬಿಡು," ಅಂದಳು.

ಚಿಕ್ಕಮ್ಮನಿಗೆ ಒಂದು ಮಾತು ಹೇಳಲಿಲ್ಲ. ಈ ವೈರಸ್ಸಿನ ಮೂಲ ಎಳೆ ಉಲ್ಟಾ ಬರೆದ ಕಾಗದ, ಹಾಗೇ ಓದಲು ಜೀವಕೋಶಕ್ಕೆ ಬಾರದು. ಅದನ್ನು ನಕಲು ಮಾಡಿ ಬಾಗಿಲು ಬಾಗಿಲಿಗೆ, ಅಂದರೆ ಜೀನು ಜೀನಿಗೆ, ಸಂದೇಶ ಹಂಚುವ ಕೆಲಸಗಾರ ಒಬ್ಬನಿದ್ದಾನಲ್ಲ, ಅವನ ಸ್ವಂತ ಮನೆ ಆರನೆಯದು. ಹಂಚುವವನಿಗೇ ಎಲ್ಲರಿಗಿಂತ ಕಡಿಮೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ರಮಝಾನ್ ೮, ಸೋಮವಾರ

ಅವಳಿಗೆ ಎಷ್ಟು ಧೈರ್ಯ!

ಬೆಳಿಗ್ಗೆ ಲಿಯಾನ್ ಹುಡುಗಿ ಕೈಯಲ್ಲೊಂದು ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. "ಮೇಡಂ, ಒಂದ್ನಿಮಿಷ ಇದನ್ನ ನೋಡ್ತೀರಾ?" ಹತ್ತನೇ ಸುತ್ತಿನ ವೈರಸ್ಸಿನಲ್ಲಿ ಆರು ಜೀನುಗಳ ಸಂದೇಶ ಎಷ್ಟೆಷ್ಟು ತಯಾರಾಗುತ್ತಿದೆ ಎಂದು ಅಳೆದಿದ್ದಾಳೆ. ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗಬೇಕು. ಮೂರರವರೆಗೆ ಇಳಿದಿದೆ, ನಾಲ್ಕನೆಯದರಲ್ಲಿ ಇಳಿದೇ ಇಲ್ಲ. ಮೂರರ ಸಮಕ್ಕೆ ನಿಂತಿದೆ.

"ಮೂರನೇ ಬಾಗಿಲಿಂದ ನಾಲ್ಕಕ್ಕೆ ಹೋಗುವಾಗ ಯಾರೂ ವಾಪಸ್ ಹೋಗ್ತಿಲ್ಲ ಅನ್ಸತ್ತೆ ಮೇಡಂ. ಹಾಗಾದ್ರೆ ಇದು ದುರ್ಬಲ ವೈರಸ್ ಅಲ್ಲ. ಬೆಳೆಸುವಾಗ ಏನಾದ್ರೂ..."

"ಏನಾದ್ರೂ ಅಂದ್ರೆ?"

"ಬದಲಾಗಿರಬಹುದು."

ಅಂದರೆ ನಾನು ಕೆಡಿಸಿದೆ ಅಂತ! "ಲೆಕ್ಕಕ್ಕೆ ಮೂಲ ಎಳೆ ಸೇರಿಸಿಕೊಂಡಿದೀಯ ಕಣಮ್ಮ," ಅಂದೆ. "ಮೂಲ ಎಳೆ ಆರೂ ಬಾಗಿಲಿಗೆ ಒಂದೇ ಸಮ ಇರತ್ತೆ. ಅದು ಸಂದೇಶದ ಜತೆ ಬೆರೆತರೆ ಮೆಟ್ಟಿಲು ಚಪ್ಪಟೆಯಾಗದೆ ಇನ್ನೇನಾಗತ್ತೆ? ಇಷ್ಟೂ ಕಲಿಸಲಿಲ್ವಾ ಅಲ್ಲಿ?"

"ಬೇರ್ಪಡಿಸಿದೀನಿ ಮೇಡಂ."

"ಬೇರ್ಪಟ್ಟಿಲ್ಲ."

ಹೊಸಬರೆಲ್ಲ ಮಾಡುವ ತಪ್ಪು ಇದು. ಇಪ್ಪತ್ತು ವರ್ಷದ ಹಿಂದೆ ನಾನೂ ಮಾಡಿದ್ದೆ. ಅದಕ್ಕೇ ನನಗೆ ಅಷ್ಟು ಖಚಿತ.

ರಮಝಾನ್ ೧೦, ಬುಧವಾರ

ಇವತ್ತು ಸಭೆಯಲ್ಲಿ ಅವಳ ಬಾಯಿ ಮುಚ್ಚಿಸಿದೆ.

ಅವಳು ಹಾಳೆ ತೋರಿಸಿ, ಪ್ರಯೋಗವನ್ನು ಒಂದು ತಿಂಗಳು ಮುಂದೆ ಹಾಕೋಣ, ವೈರಸ್ಸಿನ ಜೀನುಗಳ ಅಕ್ಷರಗಳನ್ನು ಪೂರ್ತಿ ಓದಿಸಲು ಮಾದರಿ ಹೊರಗೆ ಕಳಿಸೋಣ ಎಂದಳು. ಮೊಂಜಿ ಸಾಹೇಬರು ನನ್ನ ಕಡೆ ತಿರುಗಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಎಲ್ಲರ ಮುಂದೆ, "ನೀವೇನಂತೀರಿ ಝಕಿಯಾ?" ಎಂದು ಕೇಳಿದರು.

ಎದ್ದು ನಿಂತೇ ಹೇಳಿದೆ. ಮೂಲ ಎಳೆ, ಸಂದೇಶ, ಬೆರಕೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಕೊನೆಗೆ, "ಹಬ್ಬ ಆಗಲಿ ಮಗಳೇ, ಒಂದು ಕಾಫಿ ಕುಡಿದು ಮತ್ತೆ ಎಣಿಸು," ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರಂತೂ ಮೇಜು ತಟ್ಟಿ ನಕ್ಕರು. ಪ್ರಯೋಗದ ದಿನ ರಮಝಾನ್ ಇಪ್ಪತ್ತೆಂಟಕ್ಕೆ ನಿಂತಿತು.

ಹುಡುಗಿ ಹಾಳೆ ಮಡಚಿಕೊಂಡು ಹೋದಳು. ಹೋಗಲಿ.

ರಮಝಾನ್ ೧೧, ಗುರುವಾರ

ನಿನ್ನೆಯದು ಬಾಯಿಮಾತು. ಅವಳ ಮುಖಕ್ಕೆ ಹಿಡಿಯಲು ನನಗೂ ಒಂದು ಹಾಳೆ ಬೇಕು. ಮೂಲ ಎಳೆಯನ್ನು ಪೂರ್ತಿ ಹೊರಗಿಟ್ಟು ಸಂದೇಶಗಳನ್ನು ಮಾತ್ರ ಎಣಿಸುವ ವ್ಯವಸ್ಥೆಯನ್ನು ನಾನೇ ಮಾಡುತ್ತೇನೆ. ಎಲ್ಲ ಮೂರು ಮೂರು ಸಲ. ಆಮೇಲೆ ನೋಡೋಣ.

ರಮಝಾನ್ ೧೬, ಮಂಗಳವಾರ

ನಾಲ್ಕನೆಯದು ಇಳಿದಿಲ್ಲ.

ಪಿಪೆಟ್ ಕೈಕೊಟ್ಟಿರಬೇಕು. ಹಾಳು ಪಿಪೆಟ್, ವರ್ಷದಿಂದ ಸರಿಮಾಡಿಸಿ ಅಂತ ಬಡಕೊಳ್ಳುತ್ತಿದ್ದೇನೆ.

ರಮಝಾನ್ ೧೭, ಬುಧವಾರ

ಬೇರೆ ಪಿಪೆಟ್. ಹಾಗೇ ಇದೆ.

ರಮಝಾನ್ ೧೮, ಗುರುವಾರ

ಹಾಗಾದರೆ ಅವಳು ಲಿಯಾನಿನಿಂದ ತಂದ ಕೊಳವೆಯೇ ಕೆಟ್ಟದ್ದು ಅಂದುಕೊಂಡೆ. ಹೌದು, ಹಾಗೆ ಆಗಲಿ ಅಂತಲೇ ಆಸೆಪಟ್ಟೆ. ಪ್ರತಿ ಸುತ್ತಿನದೂ ಒಂದೊಂದು ಚೂರು ಫ್ರೀಝರಿನಲ್ಲಿ ಎತ್ತಿಟ್ಟಿದ್ದೇನೆ, ಎಲ್ಲ ತೆಗೆದು ಅಳೆದೆ.

ಅವಳ ಕೊಳವೆ: ಮೆಟ್ಟಿಲು ಲಕ್ಷಣವಾಗಿ ಇಳಿದಿದೆ. ಒಂದನೇ ಸುತ್ತು ಸರಿ. ಐದನೇ ಸುತ್ತು ಸರಿ. ಆರನೇ ಸುತ್ತಿನಲ್ಲಿ ನಾಲ್ಕನೇ ಬಾಗಿಲು ಎದ್ದು ನಿಂತಿದೆ. ಅಲ್ಲಿಂದ ಮುಂದೆ ಇಳಿದೇ ಇಲ್ಲ.

ಆರನೇ ಸುತ್ತಿನಲ್ಲಿ ಯಾರು ಏನು ಮಾಡಿದರು ಅಂತ ನನ್ನ ಕೆಲಸದ ಪುಸ್ತಕ ತೆಗೆದೆ. ಕರೆಂಟು ಹೋಗಿತ್ತೋ, ಯಾರಾದರೂ ಇನ್‌ಕ್ಯುಬೇಟರಿನ ಬಾಗಿಲು ತೆರೆದಿಟ್ಟಿದ್ದರೋ, ಒಬ್ಬರ ಹೆಸರು ಸಿಕ್ಕಲಿ ಎಂದು ಹುಡುಕಿದೆ. ಅಲ್ಲಿ ನನ್ನದೇ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು: "ಒಂಬತ್ತನೇ ಬಾಟಲಿ, ನಾಲ್ಕೇ ದಿನ! ಶಾಭಾಷ್. ಇದರಿಂದಲೇ ಮುಂದಕ್ಕೆ."

ಕೈಕಾಲು ಮುರಿದ ವೈರಸ್ಸು ನಾಲ್ಕೇ ದಿನದಲ್ಲಿ ಓಡುತ್ತದೆಂದರೆ ಅದರ ಕಾಲು ಕೂಡಿಕೊಂಡಿದೆ ಅಂತ ಅರ್ಥ. ಇಷ್ಟು ತಿಳಿಯಲಿಲ್ಲವೇ ನಿನಗೆ, ಕತ್ತೆ? ಸಾವಿರಾರು ಕುಂಟರ ನಡುವೆ ಕಾಲು ಕೂಡಿಕೊಂಡ ಒಬ್ಬನನ್ನು ಆರಿಸಿ, ಶಾಭಾಷ್ ಅಂದು, ಅವನ ಸಂತಾನವನ್ನೇ ಬೆಳೆಸಿದೆಯಲ್ಲ. ಕಣ್ಣಂತೆ ಕಣ್ಣು!

ಉಪವಾಸ ಬಿಡಲು ಕೂತಾಗ ನೆನಪಾಯಿತು. ಚಿಕ್ಕಮ್ಮ ಪ್ರತಿ ಮೇಕೆಗೂ ಹೆಸರಿಟ್ಟಿದ್ದಾಳೆ.

ರಮಝಾನ್ ೧೯, ಶುಕ್ರವಾರ

ಆ ಲಿಯಾನ್ ಹುಡುಗಿ ರಿಹಾಬಳ ಕೋಣೆಗೆ ಹೋಗಿ ಹಾಳೆಗಳನ್ನು ಮೇಜಿನ ಮೇಲೆ ಎಸೆದೆ. ನೋಡಿದಳು. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಕುಣಿದಿದ್ದರೆ ಒಂದು ಬಿಡುತ್ತಿದ್ದೆ.

"ನಿಮ್ಮ ಅಳತೆ ನನ್ನದಕ್ಕಿಂತ ಸ್ವಚ್ಛವಾಗಿದೆ ಮೇಡಂ," ಅಂದಳು.

"ಬೆಣ್ಣೆ ಹಚ್ಚಬೇಡ. ನಿನಗೆ ಅವತ್ತೇ ಗೊತ್ತಿತ್ತಲ್ಲ, ಸಭೇಲಿ ನನ್ನ ಜತೆ ಯಾಕೆ ಜಗಳ ಆಡಲಿಲ್ಲ? ಬಾಯಿ ಇರಲಿಲ್ವಾ?"

"ಎಲ್ಲರೂ ನಗ್ತಿದ್ರು."

ನಗಿಸಿದವಳು ನಾನೇ. ಅದಕ್ಕೂ ಸಿಟ್ಟು ಬಂತು.

ರಮಝಾನ್ ೨೨, ಸೋಮವಾರ

ಇಬ್ಬರೂ ಮೊಂಜಿ ಸಾಹೇಬರ ಹತ್ತಿರ ಹೋದೆವು. ಅವರು ಹಾಳೆಗಳನ್ನು ಮುಟ್ಟಲೂ ಇಲ್ಲ.

"ಝಕಿಯಾ, ಹನ್ನೆರಡು ದಿನದ ಹಿಂದೆ ಇದೇ ಕಟ್ಟಡದಲ್ಲಿ ಎದ್ದು ನಿಂತು ಏನ್ ಹೇಳಿದ್ರಿ?"

"ತಪ್ಪು ಹೇಳಿದೆ ಸಾಹೇಬ್ರೇ."

"ಆಗ ಇವಳ ಅಳತೆ ತಪ್ಪು ಅಂದ್ರಿ. ಈಗ ನಿಮ್ಮ ಮಾತು ತಪ್ಪು ಅಂತೀರಿ. ನಾಳೆ ಇನ್ಯಾವುದು ತಪ್ಪು? ಸಚಿವಾಲಯಕ್ಕೆ ನಾನೇನ್ ಬರೀಲಿ? ನಮ್ಮ ಟೆಕ್ನಿಷಿಯನ್‌ಗೆ ಕಾಫಿ ಸಿಕ್ಕಿಲ್ಲ ಅಂತ ಬರೀಲಾ?"

ನನ್ನ ಮಾತೇ, ನನ್ನ ಮುಖಕ್ಕೇ.

"ಮೇಕೆ ಸಾಯ್ತವೆ ಸಾಹೇಬ್ರೇ," ಅಂದೆ.

"ಹಬ್ಬದ ನಂತರ ಮಾತಾಡೋಣ."

"ಚುಚ್ಚೋದು ಹಬ್ಬಕ್ಕೆ ಮುಂಚೆ ಅಲ್ವಾ?"

"ಹೊರಗೆ ಹೋಗಿ ಝಕಿಯಾ. ರಮಝಾನ್ ತಲೆ ನಿಮ್ಮದು, ನಾನು ಮನಸ್ಸಿಗೆ ಹಚ್ಕೊಳಲ್ಲ."

ಈ ಊರಿನಲ್ಲಿ ಈ ಒಂದು ತಿಂಗಳು ಯಾರಿಗೂ ನಿಜವಾದ ಸಿಟ್ಟು ಬರುವುದೇ ಇಲ್ಲ. ಎಲ್ಲ ಕಾಫಿ, ಎಲ್ಲ ಸಿಗರೇಟು. ಮನೆ ಹೊತ್ತಿ ಉರಿಯುತ್ತಿದೆ ಎಂದು ಕೂಗಿದರೂ ಸಂಜೆ ಸೂಪು ಕುಡಿ, ಸರಿಹೋಗುತ್ತೆ ಅನ್ನುತ್ತಾರೆ. ಥೂ.

ರಮಝಾನ್ ೨೫, ಗುರುವಾರ

ಲಸಿಕೆಯ ಬ್ಯಾಚ್ ಹೊರಗೆ ಹೋಗುವ ನಮೂನೆ ನನ್ನ ಮೇಜಿಗೆ ಬಂತು. ಆ ಕಾಗದವನ್ನು ಎಷ್ಟು ನೂರು ಸಲ ತುಂಬಿದ್ದೇನೋ, ಇವತ್ತು ಮೊದಲ ಸಲ ಓದಿದೆ. ಮೊದಲ ಸಾಲು: 'ತಯಾರಿಸಿದವರು'. ಅಲ್ಲಿ ನನ್ನ ಹೆಸರು ಟೈಪ್ ಆಗಿತ್ತು. ನಿರ್ದೇಶಕರ ಹೆಸರು ಎಷ್ಟೋ ಕೆಳಗೆ.

ಸಹಿ ಮಾಡದಿದ್ದರೆ ಇನ್ನೊಬ್ಬರ ಕೈಲಿ ಮಾಡಿಸುತ್ತಾರೆ. ಅದು ನನಗೆ ಗೊತ್ತು. ಅದಕ್ಕೆ ಕೋಲ್ಡ್ ರೂಮಿಗೆ ಹೋಗಿ ಬ್ಯಾಚಿನ ನಾಲ್ಕು ಡಬ್ಬಿಗಳನ್ನೂ ಎತ್ತಿಕೊಂಡು ಬಂದೆ, ಬಿಸಿ ಹಬೆಯಲ್ಲಿ ಎಲ್ಲವನ್ನೂ ಕೊಲ್ಲುವ ಆಟೋಕ್ಲೇವಿನೊಳಗೆ ಇಟ್ಟೆ, ಬಾಗಿಲು ತಿರುಗಿಸಿ ಬಿಗಿ ಮಾಡಿದೆ. ನೂರಿಪ್ಪತ್ತೊಂದು ಡಿಗ್ರಿ. ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಐದು ತಿಂಗಳ ಕೆಲಸ. ಮುಳ್ಳು ಮೇಲೇರುವುದನ್ನು ನೋಡುತ್ತಾ ಅಳು ಬಂತು, ಅತ್ತೆ.

ಆಮೇಲೆ ನಮೂನೆಯಲ್ಲಿ ನನ್ನ ಹೆಸರಿನ ಕೆಳಗೆ ಬರೆದೆ: "ಪ್ರತಿ ಸುತ್ತಿನಲ್ಲೂ ಬೇಗ ಬೆಳೆದ ಬಾಟಲಿಯನ್ನೇ ಆರಿಸಿದ್ದರಿಂದ ವೈರಸ್ಸು ಮತ್ತೆ ಬಲಗೊಂಡಿದೆ. ಆರಿಸಿದವಳು ನಾನು. ಮೊದಲು ಪತ್ತೆ ಮಾಡಿದವಳು ರಿಹಾಬ್. ಬ್ಯಾಚ್ ನಾಶ ಮಾಡಿದ್ದೇನೆ." ಸಹಿ ಹಾಕಿ ಒಂದು ಪ್ರತಿ ಸಾಹೇಬರಿಗೆ, ಒಂದು ನೇರ ಸಚಿವಾಲಯಕ್ಕೆ.

ಸಾಹೇಬರ ಕೂಗು ಗೇಟಿನ ತನಕ ಕೇಳಿಸಿತಂತೆ. ನಾನೂ ಕೂಗಿದೆ. ಅವರಿಗಿಂತ ಜೋರಾಗಿ.

ರಮಝಾನ್ ೨೮, ಭಾನುವಾರ

ಮೆಕ್ನಾಸಿಗೆ ಹೋಗಿದ್ದೆ. ಜತೆಗೆ ಅಲ್ಲಿಯ ಪಶುವೈದ್ಯರನ್ನು ಕಾಡಿ ಬೇಡಿ, ರಜೆಯ ದಿನವೇ ಹಳೆಯ ಸರ್ಕಾರಿ ಲಸಿಕೆ ಹಿಡಿಸಿಕೊಂಡು ಕರೆದೊಯ್ದೆ. ಮೂವತ್ತೆಂಟಕ್ಕೂ ಹಾಕಿಸಿದೆ. ಒಂದೊಂದರ ಕೊಂಬನ್ನೂ ನಾನೇ ಹಿಡಿದೆ.

ಎಲ್ಲ ಮುಗಿದ ಮೇಲೆ ಚಿಕ್ಕಮ್ಮನಿಗೆ ಹೇಳಿದೆ. ಬಾಗಿಲು, ತಟ್ಟೆ ಅಂತ ಸುತ್ತಿ ಬಳಸಲಿಲ್ಲ.

"ಅಂದ್ರೆ ನಿನ್ನ ಔಷಧಿ ಹಾಕಿದ್ದಿದ್ರೆ ಇವೆಲ್ಲ ಸತ್ತುಹೋಗ್ತಿದ್ವು."

"ಹೂಂ."

"ಕೆಡಿಸಿದ್ದು ಯಾರು?"

"ನಾನೇ ಚಿಕ್ಕಮ್ಮ."

ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಸೂರ್ಯ ಮುಳುಗಲು ಇನ್ನೂ ಒಂದು ತಾಸಿತ್ತು. ಉಪವಾಸ ಬಿಟ್ಟೇ ಹೋಗು ಅನ್ನಲಿಲ್ಲ. ಪರಿಚಯವಿಲ್ಲದ ದಾರಿಹೋಕನಿಗೂ ಹಾಗೆ ಹೇಳದೆ ಕಳಿಸಿದವಳಲ್ಲ ಅವಳು. ಬಾಡಿಗೆ ಕಾರಿನಲ್ಲಿ ಅಪರಿಚಿತರ ನಡುವೆ ಕೂತು, ಪಕ್ಕದವಳು ಕೊಟ್ಟ ಖರ್ಜೂರ ತಿಂದು ನೀರು ಕುಡಿದೆ. ಚಿಕ್ಕಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ.

ಶವ್ವಾಲ್ ೧, ಬುಧವಾರ, ಹಬ್ಬ

ಬೆಳಿಗ್ಗೆ ಮೊದಲ ಕಾಫಿ. ರಿಹಾಬ್ ಒಂದು ತಟ್ಟೆ ಮಕ್ರೂದ್ ಸಿಹಿ ತಂದಳು, ಅವಳ ತಾಯಿ ಕಳಿಸಿದ್ದಂತೆ. ಸಕ್ಕರೆ ವಿಪರೀತ. ಹಾಗಂತ ಹೇಳಿದೆ. ನಕ್ಕಳು. ಇನ್ನೆರಡು ತಿಂದೆ.

ಶವ್ವಾಲ್ ೧೩, ಸೋಮವಾರ

ವಿಚಾರಣೆ ಮುಗಿಯುವ ತನಕ ನಾನು ಬೆಳೆಸುವ ಕೋಣೆಯೊಳಗೆ ಕಾಲಿಡುವ ಹಾಗಿಲ್ಲ. ಸಚಿವಾಲಯದ ಆಜ್ಞೆ. ಸಾಹೇಬರಿಗೂ ಒಂದು ಕಾಗದ ಬಂದಿದೆಯಂತೆ, ಮುಖ ಊದಿಸಿಕೊಂಡಿದ್ದಾರೆ. ಹಳೆಯ ಕೊಳವೆಯಿಂದ ಮೊದಲಿನಿಂದ ಬೆಳೆಸುವ ಕೆಲಸ ರಿಹಾಬಳ ಪಾಲಿಗೆ. ನನ್ನ ಫ್ರೀಝರಿನ ಚೂರಿನಿಂದ ಅವಳು ಅಕ್ಷರ ಓದಿಸಲು ಕಳಿಸಿದ್ದ ಮಾದರಿಯ ಉತ್ತರವೂ ಬಂತು. ನಾಲ್ಕನೇ ಜೀನಿನ ಮುಂದೆ, ಹೊಸ್ತಿಲಿನಂಥ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅಷ್ಟಕ್ಕೇ ಯಾರೂ ವಾಪಸು ಹೋಗದೆ ಹೊಸ್ತಿಲು ದಾಟಿದ್ದಾರೆ.

ಚಿಕ್ಕಮ್ಮ ಇನ್ನೂ ಫೋನು ಎತ್ತುತ್ತಿಲ್ಲ.

ಶವ್ವಾಲ್ ೨೯, ಬುಧವಾರ

ಹೊಸದರ ಎರಡನೇ ಸುತ್ತಿಗೆ ಇವತ್ತು ಐದನೇ ದಿನ, ಬಾಟಲಿ ನೋಡಬೇಕಿತ್ತು. ನಾನು ಹೊರಗೆ, ಗಾಜಿನ ಈಚೆ ಸ್ಟೂಲಿನ ಮೇಲೆ. ಕಾಲಿಡಬಾರದು ಎಂದಿದ್ದಾರೆ, ನೋಡಬಾರದು ಎಂದಿಲ್ಲ. ರಿಹಾಬ್ ಹನ್ನೆರಡು ಬಾಟಲಿಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ನೋಡಿ ಸಾಲಾಗಿ ಇಟ್ಟಳು. ಐದನೆಯದು ಆಗಲೇ ತಯಾರಾಗಿತ್ತು, ಇಲ್ಲಿಂದಲೇ ನನಗೆ ಕಾಣುತ್ತಿತ್ತು. ಐದೇ ದಿನಕ್ಕೆ, ಎಷ್ಟು ಚೆಂದ ಆಗಿತ್ತು! ನನ್ನ ಕೈ ತಾನಾಗಿ ಮುಂದೆ ಹೋಗಿ ಗಾಜಿಗೆ ತಾಗಿತು.

ಅವಳ ಕೈಯೂ ಅಲ್ಲಿಗೇ ಹೋಯಿತು. ಅಷ್ಟೆಲ್ಲ ಆದಮೇಲೂ, ಎಲ್ಲ ಗೊತ್ತಿದ್ದೂ, ಐದನೆಯದಕ್ಕೇ.

ಗಾಜಿಗೆ ಎರಡೂ ಮುಷ್ಟಿಯಿಂದ ಗುದ್ದಿದೆ. "ಅದಲ್ಲ ಕಣೇ! ಮುಟ್ಟಬೇಡ ಅದನ್ನ! ಕಣ್ಣು ಕಾಣಲ್ವಾ ನಿಂಗೆ?"

ಬೆಚ್ಚಿ ತಿರುಗಿದಳು. ಕೈ ಅಲ್ಲೇ ನಿಂತಿತ್ತು. ಅಲ್ಲಿಂದಲೇ ಬಾಯಾಡಿಸಿ ಕೇಳಿದಳು, "ಮತ್ತೆ ಯಾವುದು, ಝಕಿಯಾ ಅಕ್ಕ?"

"ಆ ಮೂಲೇದು. ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂತಿದೆಯಲ್ಲ, ಹನ್ನೆರಡನೇದು, ಅದು!"

"ಅದಕ್ಕೆ ಇನ್ನೂ ಎರಡು ದಿನ ಬೇಕು."

"ಬೇಕಾದ್ರೆ ಕಾಯಿ," ಎಂದು ಕಿರುಚಿದೆ. ಕೈ ನೋಯುತ್ತಿತ್ತು. ಅವಳು ಐದನೆಯದನ್ನು ಕಸದ ಡಬ್ಬಿಗೆ ಹಾಕಿ, ಹನ್ನೆರಡನೆಯದನ್ನು ಮತ್ತೆ ಇನ್‌ಕ್ಯುಬೇಟರಿನಲ್ಲಿಟ್ಟು ಬಾಗಿಲು ಮುಚ್ಚಿದಳು.